ಪ್ರಿಂಟ್ ಆಯ್ತು ಅಂತ ಹೇಳಿದ್ದು ಯಾರು?

ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ. ಮೈಸೂರಿನಲ್ಲಿ ಪ್ರಿಂಟರ್ ಮತ್ತು ನೆಟ್‌ವರ್ಕ್ ಸರ್ವಿಸ್ ಕೆಲಸದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕಳೆದ ತಂತ್ರಜ್ಞರೊಬ್ಬರ ಮಾತುಗಳಿವು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.

ಎಲ್ಲರಿಗೂ ಗೊತ್ತಿರೋ ಒಂದು ವಿಷಯದಿಂದ ಶುರು ಮಾಡ್ತೀನಿ.

ಮಾನಸಗಂಗೋತ್ರಿ ಕಡೆ ಇರೋ ಯಾವುದಾದ್ರೂ ಜೆರಾಕ್ಸ್ ಅಂಗಡಿ ನೆನಪಿಸ್ಕೊಳ್ಳಿ. ಅಸೈನ್‌ಮೆಂಟ್ ಪಿಡಿಎಫ್‌ನ ಅಂಗಡಿಯವರ ವಾಟ್ಸಾಪ್‌ಗೆ ಕಳಿಸ್ತೀರಿ. ಒಂದು ಟಿಕ್ ಬರುತ್ತೆ, ಆಮೇಲೆ ಎರಡು, ಆಮೇಲೆ ನೀಲಿ. ಸರಿ, ಆಯ್ತು ಅಂತ ಟೀ ಕುಡಿದು ನಿಧಾನಕ್ಕೆ ಹೋಗ್ತೀರಿ. ಅಲ್ಲಿ ಅಂಗಡಿಯವರು ತಲೆ ಎತ್ತದೆ ಹೇಳ್ತಾರೆ, "ಬಂದಿದೆ ಕಣಪ್ಪ, ಪ್ರಿಂಟ್ ಆಗಿಲ್ಲ. ಪೇಪರ್ ಸಿಕ್ಕಾಕ್ಕೊಂಡಿದೆ."

ನೋಡಿ, ನಿಮ್ಮ ಫೋನ್ ಸುಳ್ಳು ಹೇಳಲಿಲ್ಲ. ತಲುಪಿದೆ ಅಂತು, ತಲುಪಿತ್ತು. ನೋಡಿದ್ದಾರೆ ಅಂತು, ನೋಡಿದ್ರು. ಪ್ರಿಂಟ್ ಆಗಿದೆ ಅಂತ ಅದು ಹೇಳಲೇ ಇಲ್ಲ. ಅದನ್ನ ನಾವೇ ಅಂದ್ಕೊಂಡ್ವಿ.

ಇವತ್ತು ಮಾತಾಡ್ತಿರೋದು ಇದರ ಬಗ್ಗೆನೇ. ಆದ್ರೆ ಫೋನ್ ಜಾಗದಲ್ಲಿ ಒಂದು ಮೇನ್‌ಫ್ರೇಮ್ ಕಂಪ್ಯೂಟರ್, ಅಂಗಡಿಯ ಜಾಗದಲ್ಲಿ ಮೈಸೂರಿನ ಒಂದು ಆಫೀಸಿನ ನೆಟ್‌ವರ್ಕ್ ಪ್ರಿಂಟರ್, ಅಸೈನ್‌ಮೆಂಟ್ ಜಾಗದಲ್ಲಿ 412 ಚೆಕ್. ಅದನ್ನ ಜೋಡಿಸಿದವನು ನಾನು, ತಪ್ಪು ಮಾಡಿದವನೂ ನಾನೇ.

ಹೋಸ್ಟ್ ಅಂದ್ರೆ ಯಾರು?

ಮೇನ್‌ಫ್ರೇಮ್ ಅಂದ ತಕ್ಷಣ ಮ್ಯೂಸಿಯಂ ನೆನಪಾಗುತ್ತೆ ಅಲ್ವಾ? ಆದ್ರೆ ದೊಡ್ಡ ಬ್ಯಾಂಕು, ವಿಮಾನ ಕಂಪನಿ, ವಿಮಾ ಸಂಸ್ಥೆಗಳ ಲೆಕ್ಕಾಚಾರ ಇವತ್ತಿಗೂ ಇಂಥ ಯಂತ್ರಗಳ ಮೇಲೆ ನಡೀತಿದೆ. ಐಬಿಎಂ ತನ್ನ ಸಿಸ್ಟಂ/360 ಅನ್ನೋ ಯಂತ್ರಗಳ ಕುಟುಂಬವನ್ನ ಪ್ರಕಟಿಸಿದ್ದು 1964ರ ಏಪ್ರಿಲ್ 7ರಂದು. ಈಗ ಮಾರಾಟವಾಗ್ತಿರೋ ಐಬಿಎಂ ಮೇನ್‌ಫ್ರೇಮ್‌ಗಳು ಅದೇ ವಂಶದವು. ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್‌ಗೆ ತರಬೇತಿಗೆ ಬರೋ ಹುಡುಗರು ಹುಡುಗಿಯರಲ್ಲಿ ಕೆಲವರಿಗೆ ಜಾವಾ ಬದಲು ಮೇನ್‌ಫ್ರೇಮ್ ಸಿಗುತ್ತೆ. ಮುಖ ಸಣ್ಣ ಮಾಡ್ಕೊಂಡು ಕೂತಿರ್ತಾರೆ, ಪಾಪ. ಇದನ್ನ ಅವರೂ ಕೇಳ್ಲಿ.

ಈ ಲೋಕದಲ್ಲಿ ದೊಡ್ಡ ಕಂಪ್ಯೂಟರನ್ನ ಹೋಸ್ಟ್ ಅಂತಾರೆ. ಹಗಲು ಬಂದ ವ್ಯವಹಾರಗಳನ್ನ ಅದು ರಾತ್ರಿ ಒಟ್ಟಿಗೆ ಲೆಕ್ಕ ಹಾಕುತ್ತೆ. ಪ್ರಿಂಟ್ ಆಗಬೇಕಾದ್ದನ್ನ ನೇರವಾಗಿ ಪ್ರಿಂಟರ್‌ಗೆ ಎಸೆಯಲ್ಲ, ಮೊದಲು ಸ್ಪೂಲ್ ಅನ್ನೋ ಜಾಗದಲ್ಲಿ ಇಡುತ್ತೆ. ಹೋಟೆಲ್ ಅಡುಗೆಮನೆ ಕಿಟಕಿ ಹತ್ರ ಆರ್ಡರ್ ಚೀಟಿ ಸಿಕ್ಕಿಸಿರ್ತಾರಲ್ಲ, ಹಾಗೆ. ಒಂದೊಂದೇ ಚೀಟಿ ತೆಗೀತಾರೆ, ಕೆಲಸ ಮುಗಿದ ಮೇಲೆ ಹರಿದು ಹಾಕ್ತಾರೆ. ಆ ಚೀಟಿಯನ್ನ ಯಾವಾಗ ಹರಿಯಬೇಕು ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ. ಕಥೆಯೆಲ್ಲ ಇರೋದು ಅಲ್ಲೇ.

ಹಳೇ ಕಾಲದಲ್ಲಿ ಹೋಸ್ಟ್‌ಗೆ ಅದರದ್ದೇ ಪ್ರಿಂಟರ್ ಇರ್ತಿತ್ತು. 1959ರಲ್ಲಿ ಬಂದ ಐಬಿಎಂ 1403 ನಿಮಿಷಕ್ಕೆ 600 ಸಾಲು ಹೊಡೀತಿತ್ತು, ಒಂದು ಸಾಲಿಗೆ 132 ಅಕ್ಷರ. ಆಮೇಲೆ ನಮ್ಮ ಆಫೀಸುಗಳಿಗೆ ಡಾಟ್ ಮ್ಯಾಟ್ರಿಕ್ಸ್ ಬಂತು. ಮೈಸೂರಿಗೆ ಇದು ಹೊರಗಿನ ವಿಷಯ ಅಲ್ಲ. ವಿಪ್ರೋದಿಂದ 2000ರಲ್ಲಿ ಬೇರೆಯಾದ ವೆಪ್ ಕಂಪನಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳು ಮೈಸೂರಿನ ಕಾರ್ಖಾನೆಯಲ್ಲೇ ತಯಾರಾಗ್ತಿದ್ದವು. ಪಾಸ್‌ಬುಕ್ ಎಂಟ್ರಿ ಮಾಡಿಸುವಾಗ ಕರ್ರ್ ಅಂತ ಸದ್ದು ಬರುತ್ತಲ್ಲ, ಆ ಸದ್ದಿನಲ್ಲಿ ಬೆಳೆದವರು ನಾವು.

ಆಮೇಲೆ ನೆಟ್‌ವರ್ಕ್ ಲೇಸರ್ ಪ್ರಿಂಟರ್ ಬಂತು. ಇದು ಸದ್ದಿಲ್ಲ, ವೇಗ ಜಾಸ್ತಿ. ಆದ್ರೆ ಇದು ಹುಟ್ಟಿದ್ದು ಪಿಸಿಗಳ ಲೋಕದಲ್ಲಿ, ಹೋಸ್ಟ್ ಹುಟ್ಟಿದ್ದು ಬೇರೆ ಲೋಕದಲ್ಲಿ. ಎರಡನ್ನೂ ಒಂದು ಕೇಬಲ್‌ನಲ್ಲಿ ಜೋಡಿಸಿಬಿಟ್ರೆ ಮಾತಾಡ್ಕೊಳ್ತವೆ ಅಂತ ನಾನೂ ನಂಬಿದ್ದೆ.

ಮೊದಲನೇ ದಿನ: ವಿಳಾಸ

2004ರ ಸುಮಾರು. ಒಂದು ಸಂಸ್ಥೆ, ಹೆಸರು ಬೇಡ. ಅವರ ಹೋಸ್ಟ್ ಇದ್ದಿದ್ದು ಬೇರೆ ಊರಲ್ಲಿ. ಲೀಸ್ಡ್ ಲೈನ್ ಮೂಲಕ ಮೈಸೂರು ಆಫೀಸಿಗೆ ಸಂಪರ್ಕ. ನಿವೃತ್ತರಾದವರಿಗೆ ಪ್ರತಿ ತಿಂಗಳ ಕೊನೇ ವಾರ ಚೆಕ್ ಇಲ್ಲೇ ಪ್ರಿಂಟ್ ಆಗಬೇಕು. ಹಳೇ ಲೈನ್ ಪ್ರಿಂಟರ್ ಕೆಟ್ಟು ನಿಂತಿತ್ತು. ಬದಲಿಗೆ ಹೊಸ ಲೇಸರ್ ಕೂರಿಸೋಕೆ ನನ್ನ ಕಳಿಸಿದ್ರು.

ಪ್ರಿಂಟರ್‌ಗೆ ಐಪಿ ವಿಳಾಸ ಬೇಕು. ನಾನು ಕೇಬಲ್ ಚುಚ್ಚಿದೆ, ಆಫೀಸಿನ ರೂಟರ್ ತಾನಾಗೇ ಒಂದು ವಿಳಾಸ ಕೊಡ್ತು. ಅದನ್ನ ಫೋನಲ್ಲಿ ಹೋಸ್ಟ್ ಕಡೆಯವರಿಗೆ ಹೇಳಿದೆ, ಬರ್ಕೊಂಡ್ರು. ಟೆಸ್ಟ್ ಪೇಜ್ ಬಂತು. ಮಧ್ಯಾಹ್ನ ಕರೆಂಟ್ ಹೋಯ್ತು. ವಾಪಸ್ ಬಂದಾಗ ಪ್ರಿಂಟರ್‌ಗೆ ಬೇರೆ ವಿಳಾಸ ಸಿಕ್ಕಿತ್ತು. ಹೋಸ್ಟ್ ಹಳೇ ಮನೆ ಬಾಗಿಲು ತಟ್ಟುತ್ತಾ ಕೂತಿತ್ತು.

ಮೊದಲ ಪಾಠ ಇದು. ಪ್ರಿಂಟರ್‌ಗೆ ಬದಲಾಗದ ವಿಳಾಸ ಕೊಡಿ. ಇಲ್ಲ ಅಂದ್ರೆ ಈ ಪ್ರಿಂಟರ್‌ಗೆ ಯಾವಾಗ್ಲೂ ಇದೇ ವಿಳಾಸ ಕೊಡು ಅಂತ ರೂಟರ್‌ನಲ್ಲಿ ಬರೆದಿಡಿ.

ಎರಡನೇದು ಪೋರ್ಟ್. ಪಿಂಗ್ ಮಾಡಿದ್ರೆ ಉತ್ತರ ಬರುತ್ತೆ, ಆದ್ರೆ ಪ್ರಿಂಟ್ ಬರಲ್ಲ. ಯಾಕೆ? ಮನೆ ಇದೆ, ಬಾಗಿಲು ಹಾಕಿದೆ. ಹೋಸ್ಟ್‌ನಿಂದ ಪ್ರಿಂಟರ್‌ಗೆ ಕಳಿಸೋ ಸರಳ ದಾರಿ ಎಲ್‌ಪಿಡಿ, ಅದರ ಬಾಗಿಲು ಸಂಖ್ಯೆ 515. ಮಧ್ಯದ ಫೈರ್‌ವಾಲ್ ಅದನ್ನ ತೆರೆದಿರಬೇಕು. ಈ ಎಲ್‌ಪಿಡಿ ಪದ್ಧತಿಯನ್ನ ವಿವರಿಸೋ ದಾಖಲೆ 1990ರದ್ದು, ಆರ್‌ಎಫ್‌ಸಿ 1179. ಅದರಲ್ಲೊಂದು ಮಜಾ ಇದೆ. ಕಳಿಸೋ ಕಡೆಯವರು 721ರಿಂದ 731ರವರೆಗಿನ ಪೋರ್ಟ್‌ನಿಂದಲೇ ಹೊರಡಬೇಕು ಅನ್ನುತ್ತೆ. ಅಂದ್ರೆ ಬರೀ 11 ಬಾಗಿಲು. ಒಂದು ಸಲ ಬಳಸಿದ ಬಾಗಿಲು ಮತ್ತೆ ಬಳಕೆಗೆ ಬರೋಕೆ ಸ್ವಲ್ಪ ಹೊತ್ತು ಬೇಕು. ನೀವು ಪಟಪಟ ಅಂತ 20 ಸಣ್ಣ ಜಾಬ್ ಕಳಿಸಿದ್ರೆ, ನಿಯಮವನ್ನ ಅಕ್ಷರಶಃ ಪಾಲಿಸೋ ಹೋಸ್ಟ್‌ನಲ್ಲಿ 12ನೇದು ಕಾರಣ ಗೊತ್ತಾಗದೆ ನಿಂತುಹೋಗುತ್ತೆ. ಐದು ನಿಮಿಷ ಬಿಟ್ಟು ನೋಡಿದ್ರೆ ಎಲ್ಲ ಸರಿ! ಇಂಥ ಕಾಯಿಲೆ ಹಿಡಿಯೋದು ಬಹಳ ಕಷ್ಟ.

ಮೂರನೇದು ಕ್ಯೂ ಹೆಸರು. ಒಂದೇ ಪ್ರಿಂಟರ್‌ನಲ್ಲಿ ರಾ, ಟೆಕ್ಸ್ಟ್ ಅಂತ ಬೇರೆ ಬೇರೆ ಕ್ಯೂ ಇರ್ತವೆ. ರಾ ಅಂದ್ರೆ ಬಂದದ್ದನ್ನ ಬಂದ ಹಾಗೇ ಪ್ರಿಂಟ್ ಮಾಡು ಅಂತ. ಟೆಕ್ಸ್ಟ್ ಅಂದ್ರೆ ಪ್ರತಿ ಸಾಲಿನ ಕೊನೆಗೆ ಎಡಗಡೆ ತುದಿಗೆ ವಾಪಸ್ ಹೋಗು ಅನ್ನೋ ಸೂಚನೆಯನ್ನೂ ಸೇರಿಸು ಅಂತ. ತಪ್ಪಾಗಿ ರಾ ಅಂತ ಕೊಟ್ರೆ ಸಾಲುಗಳು ಮೆಟ್ಟಿಲು ಇಳಿದ ಹಾಗೆ ಬಲಕ್ಕೆ ಸರೀತಾ ಹೋಗ್ತವೆ. ಚಾಮುಂಡಿ ಬೆಟ್ಟ ಇಳಿದ ಹಾಗೆ ಪ್ರಿಂಟ್ ಬಂದ್ರೆ, ಮೊದಲು ಕ್ಯೂ ಹೆಸರು ನೋಡಿ.

ಎರಡನೇ ದಿನ: ಪೇಜ್ ತುಂಬ @

ವಿಳಾಸ ಸರಿಯಾಯ್ತು. ಹೋಸ್ಟ್‌ನಿಂದ ಮೊದಲ ನಿಜವಾದ ರಿಪೋರ್ಟ್ ಬಂತು. ಪೇಜ್ ತುಂಬ @@@@@. ಮಧ್ಯೆ ಮಧ್ಯೆ ಗೆರೆ, ಡಬ್ಬಿ, ಗಣಿತದ ಚಿಹ್ನೆ. ಆಫೀಸಿನ ಅಟೆಂಡರ್ ನೋಡಿ, "ಸಾರ್, ಇದು ವೈರಸ್ ಅಲ್ವಾ?" ಅಂದ್ರು.

ಅಲ್ಲ. ಅಕ್ಷರಗಳನ್ನ ಸಂಖ್ಯೆಗಳಾಗಿ ಬರೆಯೋಕೆ ಎರಡು ಪದ್ಧತಿ ಇದ್ದವು. ಪಿಸಿ, ಪ್ರಿಂಟರ್, ನಿಮ್ಮ ಫೋನ್ ಎಲ್ಲ ಆಸ್ಕಿ ವಂಶ. ಐಬಿಎಂ ಮೇನ್‌ಫ್ರೇಮ್ ಮಾತ್ರ ಎಬ್‌ಸಿಡಿಕ್. ಇಂಗ್ಲಿಷ್‌ನ ದೊಡ್ಡಕ್ಷರ ಎ ಆಸ್ಕಿಯಲ್ಲಿ 65, ಎಬ್‌ಸಿಡಿಕ್‌ನಲ್ಲಿ 193. ಖಾಲಿ ಜಾಗ, ಅಂದ್ರೆ ಸ್ಪೇಸ್, ಆಸ್ಕಿಯಲ್ಲಿ 32, ಎಬ್‌ಸಿಡಿಕ್‌ನಲ್ಲಿ 64. ಆಸ್ಕಿಯಲ್ಲಿ 64 ಅಂದ್ರೆ ಏನು ಗೊತ್ತಾ? ಅದೇ @!

ಯಾವುದೇ ರಿಪೋರ್ಟ್‌ನಲ್ಲಿ ಅತಿ ಹೆಚ್ಚು ಇರೋದು ಖಾಲಿ ಜಾಗ. ಅದೆಲ್ಲ @ ಆಗಿ ಬಂದಿತ್ತು. ಅಂದ್ರೆ ಪ್ರಿಂಟರ್ ಕೆಟ್ಟಿಲ್ಲ, ಲೈನ್ ಕೆಟ್ಟಿಲ್ಲ, ಹೋಸ್ಟ್ ಕೆಟ್ಟಿಲ್ಲ. ಮಧ್ಯದಲ್ಲಿ ಅನುವಾದ ಮಾಡೋರು ಇಲ್ಲ, ಅಷ್ಟೇ. ಹೋಸ್ಟ್‌ನ ಪ್ರಿಂಟರ್ ವಿವರಣೆಯಲ್ಲಿ ಈ ಕೋಡ್ ಪೇಜ್‌ನಿಂದ ಆ ಕೋಡ್ ಪೇಜ್‌ಗೆ ಬದಲಾಯಿಸು ಅಂತ ಒಂದು ಸಾಲು ಬರೆಸಿದೆ. ಹೆಸರುಗಳು ಕಾಣಿಸಿದವು.

ಇಲ್ಲೇ ಇನ್ನೊಂದು ಮಾತು. ಹಳೇ ಕೋಡ್ ಪೇಜ್‌ನಲ್ಲಿ ಇರೋದು 256 ಮನೆ. ನಮ್ಮ ₹ ಚಿಹ್ನೆಯನ್ನ ಸರ್ಕಾರ ಒಪ್ಪಿದ್ದು 2010ರ ಜುಲೈ 15ರಂದು. ಅಷ್ಟರಲ್ಲಿ ಆ ಮನೆಗಳೆಲ್ಲ ಎಂದೋ ಭರ್ತಿಯಾಗಿದ್ದವು. ಹಳೇ ವ್ಯವಸ್ಥೆಯಿಂದ ಬರೋ ಕಾಗದದಲ್ಲಿ ಈಗಲೂ ಇಂಗ್ಲಿಷ್ ದೊಡ್ಡಕ್ಷರ, ರೂಪಾಯಿಗೆ ಎರಡಕ್ಷರ ಮತ್ತು ಚುಕ್ಕಿ ಕಂಡ್ರೆ ಕಾರಣ ಇದೇ ಇರಬಹುದು. ಕನ್ನಡದ ಒತ್ತಕ್ಷರ, ಗುಣಿತಕ್ಕಂತೂ ಆ ಹಳೇ ಕೋಡ್ ಪೇಜ್‌ನಲ್ಲಿ ಜಾಗವೇ ಇರಲಿಲ್ಲ. ಯೂನಿಕೋಡ್‌ನಂಥ, ಕನ್ನಡ ಇರೋ ಪದ್ಧತಿ ಮತ್ತು ಸರಿಯಾದ ಫಾಂಟ್ ಎರಡೂ ಬೇಕು. ಇಲ್ಲ ಅಂದ್ರೆ ಪೇಜನ್ನೇ ಚಿತ್ರ ಮಾಡಿ ಕಳಿಸಬೇಕು.

ಮೊದಲನೇ ಕಾಲಂನ ಗುಟ್ಟು

ಅಕ್ಷರ ಬಂತು. ಆದ್ರೆ ಪ್ರತಿ ಪೇಜಿನ ಮೊದಲ ಸಾಲಿನ ಮುಂದೆ ಸುಮ್ಮನೆ ಒಂದು 1. ಕೆಲವು ಸಾಲಿನ ಮುಂದೆ 0. ಪೇಜ್ ಮುಗಿಯಬೇಕಾದ ಕಡೆ ಮುಗೀತಿಲ್ಲ.

ಇದು ಹಳೇ ಲೈನ್ ಪ್ರಿಂಟರ್‌ಗಳ ಸನ್ನೆ ಭಾಷೆ. ಸಾಲಿನ ಮೊದಲ ಅಕ್ಷರ ಓದೋಕಲ್ಲ, ಪ್ರಿಂಟರ್‌ಗೆ ಹೇಳೋಕೆ. 1 ಅಂದ್ರೆ ಹೊಸ ಪೇಜ್. ಖಾಲಿ ಅಂದ್ರೆ ಮುಂದಿನ ಸಾಲು. 0 ಅಂದ್ರೆ ಒಂದು ಸಾಲು ಬಿಟ್ಟು. ಅಡ್ಡಗೆರೆ ಅಂದ್ರೆ ಎರಡು ಸಾಲು ಬಿಟ್ಟು. + ಅಂದ್ರೆ ಕೆಳಗೆ ಇಳಿಯದೆ ಅದೇ ಸಾಲಿನ ಮೇಲೆ ಮತ್ತೊಮ್ಮೆ ಹೊಡಿ ಅಂತ. ಅಕ್ಷರ ದಪ್ಪ ಮಾಡೋಕೆ ಆಗ ಇದ್ದ ಉಪಾಯ ಅದು. ಲೇಸರ್‌ಗೆ ಇದು ಗೊತ್ತಿಲ್ಲ, ಅದು 1ನ್ನ 1 ಅಂತಲೇ ಪ್ರಿಂಟ್ ಮಾಡುತ್ತೆ. ಇದನ್ನೂ ಹೋಸ್ಟ್ ಕಡೆ ಅನುವಾದ ಮಾಡಿಸಬೇಕು.

ಆಮೇಲೆ ಅಗಲ. 132 ಅಕ್ಷರ, ಇಂಚಿಗೆ 10 ಅಂದ್ರೆ 13.2 ಇಂಚು. ಎ4 ಹಾಳೆ ಅಡ್ಡ ಮಲಗಿಸಿದ್ರೂ 11.7 ಇಂಚೇ. 66 ಸಾಲು, ಇಂಚಿಗೆ 6 ಅಂದ್ರೆ 11 ಇಂಚು ಉದ್ದ. ಅಡ್ಡ ಮಲಗಿಸಿದ ಎ4 ಎತ್ತರ 8.27 ಇಂಚು. ಹಳೇ ಹಾಸಿಗೆಗೆ ಹೊಸ ಮಂಚ ಚಿಕ್ಕದು. ಅದಕ್ಕೆ ಪ್ರತಿ ಜಾಬ್‌ನ ತಲೆಯಲ್ಲಿ ಅಡ್ಡ ಮಲಗು, ಇಂಚಿಗೆ 16.67 ಅಕ್ಷರ ಹಾಕು, ಸಾಲುಗಳ ಅಂತರ ತಗ್ಗಿಸು ಅಂತ ಪ್ರಿಂಟರ್ ಭಾಷೆಯಲ್ಲಿ ಆದೇಶ ಸೇರಿಸಿದೆ. ರಿಪೋರ್ಟ್ ಅಚ್ಚುಕಟ್ಟಾಗಿ ಕೂತಿತು. ಚೆಕ್ ಹಾಳೆಗೂ ಅಳತೆ ನೋಡಿ ಬೇರೆ ಆದೇಶ ಬರೆದೆ.

ಮೂರನೇ ದಿನ ಸಂಜೆ ಎಲ್ಲ ಟೆಸ್ಟ್ ಪಾಸ್. ಕೆಲಸ ಮುಗೀತು ಅಂತ ಸಹಿ ಹಾಕಿಸ್ಕೊಂಡು ಬಂದೆ.

412 ಚೆಕ್

ಆ ತಿಂಗಳ ಕೊನೆ. ಹೊಸ ಪ್ರಿಂಟರ್‌ನಲ್ಲಿ ಮೊದಲ ಸಲ ಚೆಕ್ ಅಂತ ನನ್ನೂ ಕರೆಸಿದ್ರು. ಲೆಕ್ಕಪತ್ರ ನೋಡ್ಕೊಳ್ಳೋ ಮೇಡಂ ಒಬ್ಬರು ಮೊದಲೇ ಕ್ರಮಸಂಖ್ಯೆ ಅಚ್ಚಾಗಿರೋ ಚೆಕ್ ಹಾಳೆಗಳನ್ನ ಬೀರುವಿಂದ ತೆಗೆದು, ಎಣಿಸಿ, ರಿಜಿಸ್ಟರ್‌ನಲ್ಲಿ ಬರೆದು ಕೊಟ್ರು. ಹೋಸ್ಟ್ ಅದರ ಮೇಲೆ ಹೆಸರು, ಮೊತ್ತ, ಅಧಿಕಾರಿಯ ಸಹಿಯ ಅಚ್ಚು ಹಾಕಬೇಕು. ಸಹಿ ಬಿದ್ದ ಕ್ಷಣದಿಂದ ಅದು ಕಾಗದ ಅಲ್ಲ, ದುಡ್ಡು.

ಜಾಬ್ ಶುರುವಾಯ್ತು. ಒಂದು ಚೆಕ್‌ನ ಮಾಹಿತಿ ಒಂದೂವರೆ ಕಿಲೋಬೈಟ್ ಕೂಡ ಇರಲಿಲ್ಲ. 412 ಸೇರಿದ್ರೂ ನಿಮ್ಮ ಫೋನಿನ ಒಂದು ಫೋಟೋಗಿಂತ ಚಿಕ್ಕದು. ಕೆಲವೇ ಕ್ಷಣದಲ್ಲಿ ಎಲ್ಲವೂ ಲೈನ್ ದಾಟಿ ಪ್ರಿಂಟರ್‌ನ ಮೆಮೊರಿಗೆ ಬಂದು ಕೂತಿತು. ಹಾಳೆಗಳು ಮಾತ್ರ ಒಂದೊಂದೇ ಹೊರಗೆ ಬರ್ತಿದ್ದವು.

ಅರ್ಧದ ಹತ್ರ ಬಂದಾಗ ಪೇಪರ್ ಜಾಮ್. ಮುಚ್ಚಳ ತೆಗೆದೆ. ಒಳಗೆ ಮೂರು ಹಾಳೆ ಸುರುಳಿ ಸುತ್ತಿಕೊಂಡಿತ್ತು. ಎಳೆದು ತೆಗೆದೆ, ಮುಚ್ಚಳ ಹಾಕಿದೆ. ಕೆಂಪು ದೀಪ ಆರಲಿಲ್ಲ. ನಾವೆಲ್ಲ ಮಾಡೋದನ್ನೇ ನಾನೂ ಮಾಡಿದೆ. ಸ್ವಿಚ್ ಆಫ್, ಸ್ವಿಚ್ ಆನ್.

ದೀಪ ಹಸಿರಾಯ್ತು. ಪ್ರಿಂಟರ್ ರೆಡಿ ಅಂತು. ಆದ್ರೆ ಒಂದು ಹಾಳೆಯೂ ಬರ್ತಿಲ್ಲ. ಹೋಸ್ಟ್ ಕಡೆ ಆಪರೇಟರ್‌ಗೆ ಫೋನ್ ಮಾಡಿದೆ, "ಉಳಿದದ್ದು ಕಳಿಸಿ ಸಾರ್." ಅವರು ಪರದೆ ನೋಡಿ ಹೇಳಿದ್ರು, "ಉಳಿದದ್ದು ಏನೂ ಇಲ್ವಲ್ಲ. ನಿಮ್ಮ ಜಾಬ್ ಮುಗಿದು ಹತ್ತು ನಿಮಿಷ ಆಯ್ತು. ಸ್ಪೂಲ್ ಖಾಲಿ."

ನನ್ನ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯ್ತು. ಹೋಸ್ಟ್ ಚೀಟಿ ಹರಿದು ಹಾಕಿತ್ತು. ಪ್ರಿಂಟರ್ ಮೆಮೊರಿಯನ್ನ ನನ್ನ ಕೈಯಾರೆ ಅಳಿಸಿದ್ದೆ. ಉಳಿದ ಚೆಕ್‌ಗಳು ಈಗ ಎಲ್ಲೂ ಇಲ್ಲ.

ಟ್ರೇಯಲ್ಲಿ ಎಣಿಸಿದ್ವಿ. 187. ಒಳಗೆ ಹಾಳಾದದ್ದು 3. ಅಂದ್ರೆ 188ನೇ ವ್ಯಕ್ತಿಯಿಂದ 412ರವರೆಗೆ, 225 ಜನಕ್ಕೆ ಚೆಕ್ ಇಲ್ಲ.

ಫೋನಿನ ಆ ಕಡೆಯಿಂದ ಒಂದು ಸುಲಭ ದಾರಿ ಬಂತು. "ಜಾಬನ್ನ ಮೊದಲಿಂದ ಇನ್ನೊಂದ್ಸಲ ಓಡಿಸ್ತೀವಿ. 412 ಬರುತ್ತೆ. ಮೊದಲ 187 ಹರಿದು ಹಾಕಿ." ನಾನು ಸರಿ ಅನ್ನೋಕೆ ಬಾಯಿ ತೆಗೆದೆ. ಮೇಡಂ ಫೋನ್ ಕೈಗೆ ತಗೊಂಡ್ರು.

"ಆಗಲ್ಲ ಸಾರ್. 187 ಜನರ ಹೆಸರಲ್ಲಿ ಸಹಿ ಬಿದ್ದಿರೋ ಎರಡೆರಡು ಚೆಕ್ ರಾತ್ರಿ ಹೊತ್ತು ಈ ಆಫೀಸಲ್ಲಿ ಇರೋ ಹಾಗಿಲ್ಲ. ಒಂದು ತಪ್ಪಿ ಕವರ್‌ಗೆ ಹೋದ್ರೆ ಯಾರು ಜವಾಬ್ದಾರಿ?"

ಫೋನ್ ಇಟ್ಟು ನನ್ನ ಕಡೆ ತಿರುಗಿದ್ರು. ಬೈಯಲಿಲ್ಲ. "ಏನಪ್ಪಾ, ಆಯ್ತು ಅಂತ ನಿನ್ನ ಮೆಷಿನ್ ಹೇಳ್ತಲ್ಲ, ಯಾವುದನ್ನ ನೋಡಿ ಹೇಳ್ತು?" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ.

ಆ ರಾತ್ರಿ ಇಬ್ಬರೂ ಕೂತು ಪ್ರತಿ ಹಾಳೆಯ ಸಂಖ್ಯೆ, ಹೆಸರು, ಮೊತ್ತ ರಿಜಿಸ್ಟರ್ ಜೊತೆ ತಾಳೆ ನೋಡಿದ್ವಿ. ಹಾಳಾದ ಮೂರನ್ನ ರದ್ದು ಅಂತ ಬರೆದು ರಿಜಿಸ್ಟರ್‌ಗೆ ಅಂಟಿಸಿದ್ರು, ಬಿಸಾಡಲಿಲ್ಲ. ಇನ್ನೊಂದು ತೊಡಕು ಅಲ್ಲೇ ಗೊತ್ತಾಯ್ತು. ಇನ್ಮುಂದೆ 188ನೇ ವ್ಯಕ್ತಿಯ ಚೆಕ್ ಬೀಳೋದು 191ನೇ ಹಾಳೆ ಮೇಲೆ. ಹೋಸ್ಟ್‌ನ ಲೆಕ್ಕಕ್ಕೂ ನಮ್ಮ ಹಾಳೆಯ ಲೆಕ್ಕಕ್ಕೂ ಮೂರು ವ್ಯತ್ಯಾಸ. ಅದನ್ನ ಹೋಸ್ಟ್‌ಗೆ ಹೇಳದಿದ್ರೆ ಬ್ಯಾಂಕಿನಲ್ಲಿ ಒಂದೊಂದು ಚೆಕ್ಕೂ ಬೇರೆಯವರ ಹೆಸರಿಗೆ ಕಾಣ್ತಿತ್ತು.

188ರಿಂದ ಶುರು ಮಾಡು ಅಂತ ಹೇಳೋ ಅವಕಾಶ ಆ ಪ್ರೋಗ್ರಾಂನಲ್ಲಿ ಇರಲಿಲ್ಲ. ಬರೆದವರು ಮಾರನೇ ದಿನ ಬೆಳಗ್ಗೆ ಬಂದು ಫೈಲ್ ಕತ್ತರಿಸಿ, ಆರಂಭದ ಸಂಖ್ಯೆ ಬದಲಾಯಿಸಿ ಕಳಿಸಬೇಕಾಯ್ತು. ಚೆಕ್‌ಗಳು ಒಂದು ದಿನ ತಡ. ಅಂಚೆಗೆ ಹೋಗೋವು ಹೋದವು. ಕೆಲವರು ಆಫೀಸಿಗೇ ಬಂದು ತಗೊಳ್ತಿದ್ರು. ನಂಜನಗೂಡಿನಿಂದ ಬಸ್ಸಲ್ಲಿ ಬಂದ ಹಿರಿಯರೊಬ್ಬರು ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕಾದ್ರು. "ಕಂಪ್ಯೂಟರ್ ಕೆಟ್ಟಿದ್ಯಾ ಮಗಾ?" ಅಂತ ಕೇಳಿದ್ರು. ಹೌದು ಅಂದುಬಿಟ್ಟೆ. ಕೆಟ್ಟಿರಲಿಲ್ಲ. ಅದಕ್ಕೆ ಹೇಳಿದ್ದನ್ನ ಅದು ಸರಿಯಾಗಿ ಮಾಡಿತ್ತು.

ಮೂರು ಟಿಕ್

ಈಗ ಮೇಡಂ ಪ್ರಶ್ನೆಗೆ ಉತ್ತರ. ವಾಟ್ಸಾಪ್ ಟಿಕ್ ಇಟ್ಕೊಂಡೇ ನೋಡೋಣ.

ಎಲ್‌ಪಿಡಿಯಲ್ಲಿ ಹೋಸ್ಟ್ ಫೈಲ್ ಕಳಿಸುತ್ತೆ. ಪೂರ್ತಿ ಬಂದ ಮೇಲೆ ಪ್ರಿಂಟರ್ ಒಂದು ಬೈಟ್ ವಾಪಸ್ ಕಳಿಸುತ್ತೆ, ಅದರ ಬೆಲೆ ಸೊನ್ನೆ. ಸೊನ್ನೆ ಅಂದ್ರೆ ಸರಿ ಅಂತ. ಏನು ಸರಿ? ಫೈಲ್ ಕೈಗೆ ಬಂತು, ಅಷ್ಟೇ. ಕಾಗದದ ಬಗ್ಗೆ ಅದು ಒಂದು ಮಾತೂ ಆಡಿಲ್ಲ. ಇದು ಎರಡು ಬೂದು ಟಿಕ್. ನಮ್ಮ ಹೋಸ್ಟ್ ಅದನ್ನ ನೋಡಿ ಜಾಬ್ ಮುಗೀತು ಅಂದ್ಕೊಂಡು ಸ್ಪೂಲ್‌ನಿಂದ ಅಳಿಸ್ತು. ಹಾಗೆ ಅಳಿಸು ಅನ್ನೋ ಸೆಟ್ಟಿಂಗನ್ನ ನಾನು ನೋಡೇ ಇರಲಿಲ್ಲ. ಮೊದಲಿಂದ ಇದ್ದ ಹಾಗೇ ಬಿಟ್ಟಿದ್ದೆ.

ಎರಡನೇ ದಾರಿ ಟಿಎನ್3270ಇ. ಇದನ್ನ ವಿವರಿಸೋ ದಾಖಲೆ 1998ರ ಆರ್‌ಎಫ್‌ಸಿ 2355. ಇಲ್ಲಿ ಒಂದು ಪಿಸಿ ಮಧ್ಯೆ ಕೂತು, ನಾನೇ ಪ್ರಿಂಟರ್ ಅಂತ ಹೋಸ್ಟ್‌ಗೆ ಹೇಳ್ಕೊಳ್ಳುತ್ತೆ. ಹೋಸ್ಟ್ ಸ್ವಲ್ಪ ಸ್ವಲ್ಪ ಕಳಿಸುತ್ತೆ, ಬೇಕಾದ್ರೆ ಪ್ರತಿ ಸಲಕ್ಕೂ ಉತ್ತರ ಕೇಳುತ್ತೆ. ಆಯ್ತು ಅಂದ್ರೆ ಮಾತ್ರ ಮುಂದಿನದು. ಎಲ್‌ಪಿಡಿಗಿಂತ ಒಳ್ಳೇದು. ಆದ್ರೆ ಹುಷಾರು, ಆ ಪಿಸಿ ಎಷ್ಟೋ ಸಲ ವಿಂಡೋಸ್ ಕ್ಯೂಗೆ ಕೊಟ್ಟ ತಕ್ಷಣ ಆಯ್ತು ಅಂದುಬಿಡುತ್ತೆ. ಅಲ್ಲೂ ಅದೇ ಬೂದು ಟಿಕ್.

ಮೂರನೇದು ಐಪಿಡಿಎಸ್. ಬ್ಯಾಂಕ್ ಸ್ಟೇಟ್‌ಮೆಂಟ್, ಬಿಲ್‌ಗಳಂಥವನ್ನ ಲಕ್ಷಗಟ್ಟಲೆ ಹೊಡೆಯೋ ಕಡೆ ಬಳಸ್ತಾರೆ. ಇದರಲ್ಲಿ ಪ್ರಿಂಟರ್ ಪೇಜ್ ಎಣಿಸಿ ಹೇಳುತ್ತೆ. ಇಷ್ಟು ಪೇಜ್ ಬಂತು, ಇಷ್ಟನ್ನ ಪ್ರಿಂಟ್ ಮಾಡೋಕೆ ಒಪ್ಪಿದೆ, ಇಷ್ಟು ಹೊರಗಿನ ಟ್ರೇಗೆ ಬಿತ್ತು ಅಂತ ಬೇರೆ ಬೇರೆ ಲೆಕ್ಕ. ಜಾಮ್ ಆದ್ರೆ ಎಲ್ಲಿಂದ ಮತ್ತೆ ಕಳಿಸಬೇಕು ಅಂತ ಹೋಸ್ಟ್‌ಗೆ ಗೊತ್ತಿರುತ್ತೆ. ಇದು ನೀಲಿ ಟಿಕ್. ಆದ್ರೆ ಎಲ್ಲ ಆಫೀಸ್ ಪ್ರಿಂಟರ್‌ಗೂ ಈ ಭಾಷೆ ಬರಲ್ಲ, ಅದಕ್ಕೆ ಬೇರೆ ದುಡ್ಡು ಕೊಡಬೇಕು. ನಮ್ಮ ಪ್ರಿಂಟರ್‌ಗೆ ಬರ್ತಿರಲಿಲ್ಲ.

ಆಮೇಲೆ ಏನು ಮಾಡಿದ್ವಿ

ಹೊಸ ಪ್ರಿಂಟರ್‌ಗೆ ದುಡ್ಡಿರಲಿಲ್ಲ. ಇದ್ದದ್ದರಲ್ಲೇ ನಾಲ್ಕು ಬದಲಾವಣೆ ಮಾಡಿದ್ವಿ.

ಒಂದು, ಕಳಿಸಿದ್ದು ಯಶಸ್ವಿಯಾದ್ರೂ ಜಾಬನ್ನ ಅಳಿಸಬೇಡ, ಒಂದು ದಿನ ಇಟ್ಕೋ ಅಂತ ಹೋಸ್ಟ್‌ನಲ್ಲಿ ಬರೆಸಿದೆ. ಹೋಸ್ಟ್ ಕಡೆಯ ಸಾಫ್ಟ್‌ವೇರ್‌ನಲ್ಲಿ ಈ ಅವಕಾಶ ಮೊದಲಿಂದ ಇತ್ತು.

ಎರಡು, 412ನ್ನ ಒಟ್ಟಿಗೆ ಕಳಿಸದೆ 50ರ ಕಟ್ಟು ಮಾಡಿಸಿದ್ವಿ. ಒಟ್ಟು 9 ಕಟ್ಟು. ಒಂದು ಕಟ್ಟು ಎಣಿಸಿ ಸಹಿ ಹಾಕಿದ ಮೇಲೆ ಇನ್ನೊಂದು. ಏನೇ ಕೆಟ್ರೂ 50ರೊಳಗೆ ಕೆಡುತ್ತೆ. ಮೊದಲು ಹೇಳಿದ 11 ಬಾಗಿಲಿನ ತೊಂದರೆಗೂ ಸಿಗಲ್ಲ.

ಮೂರು, ಪ್ರಿಂಟರ್‌ನ ಜಾಮ್ ರಿಕವರಿ. ಇದು ಆನ್ ಇದ್ರೆ ಸಿಕ್ಕಿಬಿದ್ದ ಪೇಜನ್ನ ಪ್ರಿಂಟರ್ ತಾನಾಗೇ ಮತ್ತೆ ಹೊಡೆಯುತ್ತೆ. ರಿಪೋರ್ಟ್‌ಗೆ ತುಂಬ ಒಳ್ಳೇದು. ಚೆಕ್‌ಗೆ ಅಪಾಯ, ಯಾಕಂದ್ರೆ ಸಿಕ್ಕಿಬಿದ್ದ ಹಾಳೆಯಲ್ಲೂ ಸಹಿ ಪೂರ್ತಿ ಬಿದ್ದಿರಬಹುದು. ಅದಕ್ಕೆ ಚೆಕ್ ಹೊಡೆಯೋ ದಿನ ಆಫ್, ಬೇರೆ ದಿನ ಆನ್ ಅಂತ ಪ್ರಿಂಟರ್ ಮೇಲೆ ಚೀಟಿ ಅಂಟಿಸಿದ್ವಿ.

ನಾಲ್ಕು, ಎಲ್ಲಕ್ಕಿಂತ ಮುಖ್ಯ. ಕೆಂಪು ದೀಪ ಬಂದಾಗ ಸ್ವಿಚ್ ಮುಟ್ಟಬೇಡಿ. ಮೊದಲು ಟ್ರೇಯಲ್ಲಿರೋದನ್ನ ಎಣಿಸಿ, ಆಮೇಲೆ ಫೋನ್ ಮಾಡಿ. ಈ ಚೀಟಿಯನ್ನ ಮೇಡಂ ತಾವೇ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದ್ರು.

ನಿಮ್ಮ ಪರ್ಸ್‌ನಲ್ಲಿರೋ ಪಾಠ

ಕಾಗದ ಎಣಿಸೋದು ಅಂದಾಗ ಮೈಸೂರಿನವರಿಗೆ ಇನ್ನೊಂದು ನೆನಪಾಗಬೇಕು. ನಮ್ಮೂರಲ್ಲೇ, ಮೇಟಗಳ್ಳಿ ಕಡೆ, ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆಯ ಪ್ರೆಸ್ ಇದೆ. 1996ರಿಂದ ಅಲ್ಲಿ ನೋಟು ಅಚ್ಚಾಗ್ತಿದೆ. ನೋಟು ಹೊಡೆಯುವಾಗಲೂ ಹಾಳೆ ಹಾಳಾಗುತ್ತೆ. ಆಗ ಆ ಸಂಖ್ಯೆಯ ಗತಿ ಏನು? 2006ರಲ್ಲಿ ರಿಸರ್ವ್ ಬ್ಯಾಂಕ್ 10, 20, 50 ರೂಪಾಯಿ ನೋಟುಗಳಿಗೆ ನಕ್ಷತ್ರದ ಸರಣಿ ತಂತು. ಹಾಳಾದ ನೋಟಿನ ಬದಲು ಬರೋ ನೋಟಿನ ಸಂಖ್ಯೆಯ ಮಧ್ಯೆ ಒಂದು ಪುಟ್ಟ ನಕ್ಷತ್ರ ಇರುತ್ತೆ. ನಿಮ್ಮ ಪರ್ಸ್ ತೆಗೆದು ನೋಡಿ, ಸಿಕ್ಕರೂ ಸಿಗಬಹುದು. ಆ ನೋಟು ನಕಲಿ ಅಲ್ಲ, ಯಾರೂ ಹೆದರಬೇಡಿ. ಎಲ್ಲೋ ಒಂದು ಹಾಳೆ ಕೆಟ್ಟಿತ್ತು, ಅದಕ್ಕೆ ಯಾರೋ ಲೆಕ್ಕ ಕೊಟ್ಟಿದ್ದಾರೆ ಅಂತ ಅದರ ಅರ್ಥ.

ರಿಜಿಸ್ಟರ್‌ಗೆ ಮೂರು ಸುಕ್ಕಾದ ಚೆಕ್ ಅಂಟಿಸಿದ ಮೇಡಂ ಮಾಡಿದ್ದೂ ಅದನ್ನೇ.

ಈಗ ಪಿಂಚಣಿ ನೇರವಾಗಿ ಖಾತೆಗೆ ಹೋಗುತ್ತೆ, ಚೆಕ್ ಕಡಿಮೆ ಆಗಿದೆ. ಹಾಗಂತ ಆ ಪ್ರಶ್ನೆ ಹೋಗಿಲ್ಲ. ಯುಪಿಐನಲ್ಲಿ ನಿಮ್ಮ ಖಾತೆಯಿಂದ ದುಡ್ಡು ಕಟ್ ಆಗಿ, ಅಂಗಡಿಯವರ ಸ್ಪೀಕರ್ ಸುಮ್ಮನಿದ್ದಾಗ ಇಬ್ಬರೂ ಫೋನ್ ಹಿಡ್ಕೊಂಡು ನಿಲ್ತೀರಲ್ಲ, ಆಗ ಕೇಳ್ತಿರೋದು ಇದನ್ನೇ. ಒಂದು ಕಡೆ ಆಯ್ತು ಅಂತಿದೆ, ಇನ್ನೊಂದು ಕಡೆ ಗೊತ್ತಿಲ್ಲ. ಮೇನ್‌ಫ್ರೇಮ್ ಕಲೀತಿರೋ ಹುಡುಗ ಹುಡುಗಿಯರೇ, ಆ್ಯಪ್ ಬರೀತಿರೋರೇ, ನೀವು ಎಲ್ಲೇ ಆಯ್ತು ಅಂತ ಒಂದು ಸಾಲು ಬರೆದ್ರೂ ಒಂದು ಕ್ಷಣ ನಿಂತು ಆ ಮೇಡಂ ಕೇಳಿದ್ದನ್ನ ಕೇಳ್ಕೊಳ್ಳಿ. ಯಾವುದನ್ನ ನೋಡಿ ಹೇಳ್ತಿದೆ ಇದು?

ಆ ಪ್ರಿಂಟರ್ ಅಲ್ಲಿ ಇನ್ನೂ ಏಳು ವರ್ಷ ಇತ್ತು. ಕೊನೇ ಸಲ ಸರ್ವಿಸ್‌ಗೆ ಹೋದಾಗ ಮೇಡಂ ನಿವೃತ್ತರಾಗಿದ್ರು. ಚೀಟಿ ಮಾತ್ರ ಹಾಗೇ ಇತ್ತು, ಮೇಲೆ ಸೆಲ್ಲೋ ಟೇಪ್ ಹಳದಿ ಬಣ್ಣಕ್ಕೆ ತಿರುಗಿತ್ತು. ಹೊಸದಾಗಿ ಸೇರಿದ್ದ ಹುಡುಗ ನನಗೇ ಹೇಳಿದ, "ಸಾರ್, ಸ್ವಿಚ್ ಮುಟ್ಟಬೇಡಿ. ಮೊದಲು ಎಣಿಸಬೇಕಂತೆ."

ಎಣಿಸಿದೆ.

ನಿಮಗೂ ಇಂಥ ಅನುಭವ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳೋಣ.